ಎರಡನೆಯ ಪಂಕ್ತಿಯ ಹಣ



ಸಣ್ಣ ಉದ್ಯಮದ ಮಾತು ಬಂದರೆ ನಮ್ಮಲ್ಲಿ ಅದು ಎರಡೇ ಕಡೆ ಹೊರಳುತ್ತದೆ: ಹೊಸದಾಗಿ ಶುರುಮಾಡುವವನ ಕಡೆಗೆ, ಇಲ್ಲವೆ ಬಾಗಿಲು ಹಾಕುತ್ತಿರುವವನ ಕಡೆಗೆ. ಮೊದಲನೆಯವನಿಗೆ ಯೋಜನೆಗಳಿವೆ, ಎರಡನೆಯವನಿಗೆ ಅನುಕಂಪವಿದೆ. ಇವರಿಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಹದಿನೈದು ಇಪ್ಪತ್ತು ವರ್ಷದಿಂದ ಕಂತು ತಪ್ಪಿಸದೆ, ಕೆಲಸಗಾರರ ಸಂಬಳ ತಡಮಾಡದೆ, ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗದಲ್ಲೋ ಶೆಡ್ಡು ನಡೆಸಿಕೊಂಡು ಬಂದವನು. ಇವತ್ತಿನ ಮಾತು ಅವನ ಬಗ್ಗೆ. ಇನ್ನೂ ಬಿಗಿಯಾಗಿ ಹೇಳಬೇಕೆಂದರೆ, ಅವನಿಗೆ ದೊಡ್ಡ ಆರ್ಡರ್ ಬಂದ ದಿನ ಶುರುವಾಗುವ ತೊಂದರೆಯ ಬಗ್ಗೆ.

ನಾನು ದುಡಿದದ್ದು ಬ್ಯಾಂಕಿನ ಸಾಲ ವಿಭಾಗದಲ್ಲಿ. ಹಾಗಾಗಿ ಸಿದ್ಧಾಂತವನ್ನು ಆಮೇಲೆ ನೋಡೋಣ, ಮೊದಲು ಲೆಕ್ಕ. ಇದು ಕಲ್ಪಿತ ಲೆಕ್ಕ. ಆದರೆ ಉದ್ಯಮಬಾಗದಲ್ಲಿ ನಾಲ್ಕು ಶೆಡ್ಡು ಹೊಕ್ಕು ಬಂದರೆ ಇದರ ಅಣ್ಣತಮ್ಮಂದಿರು ಸಿಗುತ್ತಾರೆ.

ಹೈಡ್ರಾಲಿಕ್ ಪಂಪಿನ ಬಿಡಿಭಾಗಗಳನ್ನು ಕೊರೆದು ಕೊಡುವ ಒಂದು ಘಟಕ. ವಾರ್ಷಿಕ ವಹಿವಾಟು 4 ಕೋಟಿ ರೂಪಾಯಿ. ಮಾಲೀಕನ ಸ್ವಂತ ಬಂಡವಾಳ 60 ಲಕ್ಷ. ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಅಂದರೆ ಸಿ.ಸಿ. ಖಾತೆಯಲ್ಲಿ 80 ಲಕ್ಷ, ಯಂತ್ರದ ಸಾಲ 30 ಲಕ್ಷ, ಕಚ್ಚಾ ಮಾಲು ಕೊಟ್ಟವರಿಗೆ 40 ಲಕ್ಷ, ಹೀಗೆ ಹೊರಗಿನವರ ಬಾಕಿ ಒಟ್ಟು ಒಂದೂವರೆ ಕೋಟಿ. ಹೊರಗಿನ ಒಟ್ಟು ಬಾಕಿಯನ್ನು ಸ್ವಂತ ಬಂಡವಾಳದಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಶಾಖೆಗಳಲ್ಲಿ ಇದಕ್ಕೆ ಟಿಒಎಲ್ ಬೈ ಟಿಎನ್‌ಡಬ್ಲ್ಯು ಎನ್ನುತ್ತಾರೆ. ಅದು ಮೂರರ ಆಸುಪಾಸಿನಲ್ಲಿ ಇದ್ದರೆ ಮ್ಯಾನೇಜರು ಚಹಾ ತರಿಸುತ್ತಾರೆ. ನಾಲ್ಕು ದಾಟಿದರೆ ಫೈಲು ತರಿಸುತ್ತಾರೆ.

ಈಗ ಆರ್ಡರ್ ಬಂತು. ವಹಿವಾಟು 6 ಕೋಟಿಗೆ ಏರಬೇಕು. ತೊಂಬತ್ತರ ದಶಕದ ಆರಂಭದಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ ಇವತ್ತಿಗೂ ಸಣ್ಣ ಉದ್ಯಮದ ದುಡಿಯುವ ಬಂಡವಾಳಕ್ಕೆ ಅಳತೆಗೋಲು: ವಹಿವಾಟಿನ ಶೇ. 25 ಬೇಕು, ಅದರಲ್ಲಿ ಶೇ. 20 ಬ್ಯಾಂಕಿನದು, ಶೇ. 5 ಮಾಲೀಕನದು. ಹೆಚ್ಚುವರಿ 2 ಕೋಟಿಗೆ ಬ್ಯಾಂಕು 40 ಲಕ್ಷ ಕೊಟ್ಟರೆ ಮಾಲೀಕ 10 ಲಕ್ಷ ತರಬೇಕು. ಜೊತೆಗೆ ಬಿಡಿಭಾಗ ಕೊರೆಯಲು 60 ಲಕ್ಷದ ಒಂದು ವಿಎಂಸಿ ಯಂತ್ರ ಬೇಕು. ಬ್ಯಾಂಕು ಮುಕ್ಕಾಲು ಕೊಟ್ಟರೂ ಮಾಲೀಕನ ಮಾರ್ಜಿನ್ 15 ಲಕ್ಷ. ಅಂದರೆ ಕೈಯಿಂದ 25 ಲಕ್ಷ. ಮಾಲು ಪೂರೈಸುವವರ ಬಾಕಿಯೂ 60 ಲಕ್ಷಕ್ಕೆ ಏರುತ್ತದೆ ಅನ್ನಿ. ಹೊರಗಿನ ಬಾಕಿ ಈಗ 2 ಕೋಟಿ 55 ಲಕ್ಷ.

ಆ 25 ಲಕ್ಷ ಎಲ್ಲಿಂದ ಬರಬೇಕು? ವರ್ಷಗಳ ಲಾಭ ಶೆಡ್ಡಿನ ಗೋಡೆಯಲ್ಲೂ ಯಂತ್ರದಲ್ಲೂ ಕೂತಿದೆ, ಬ್ಯಾಂಕಿನಲ್ಲಿಲ್ಲ. ಇನ್ನೂ ಸಾಲ ತಂದರೆ ಬಾಕಿ 2 ಕೋಟಿ 80 ಲಕ್ಷವಾಗಿ ಅನುಪಾತ 4.67 ಆಗುತ್ತದೆ, ಆರ್ಡರ್ ಬಂದದ್ದೇ ತಪ್ಪು ಎನ್ನುವಂತೆ ಫೈಲು ವಾಪಸಾಗುತ್ತದೆ. ಅದೇ 25 ಲಕ್ಷವನ್ನು ಕೊಟ್ಟವನು, ‘ಬ್ಯಾಂಕಿನ ಸಾಲ ತೀರುವ ತನಕ ನಾನು ಇದನ್ನು ವಾಪಸು ಕೇಳುವುದಿಲ್ಲ’ ಎಂದು ಬರೆದುಕೊಟ್ಟರೆ ಬ್ಯಾಂಕು ಅದನ್ನು ಸಾಲದ ಪಟ್ಟಿಯಿಂದ ತೆಗೆದು ಬಂಡವಾಳದ ಪಟ್ಟಿಗೆ ಸೇರಿಸುತ್ತದೆ. ಸ್ವಂತ ಬಂಡವಾಳ 85 ಲಕ್ಷ, ಬಾಕಿ 2 ಕೋಟಿ 55 ಲಕ್ಷ, ಅನುಪಾತ ಸರಿಯಾಗಿ ಮೂರು. ಹಣ ಅದೇ, ಕೊಟ್ಟವನೂ ಅವನೇ. ನಡುವೆ ಬಂದದ್ದು ಒಂದು ಹಾಳೆ ಮುಚ್ಚಳಿಕೆ ಮಾತ್ರ.

ಇದೇ ಅಧೀನ ಸಾಲ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಮೇಲೆ ಎರಡನೆಯ ಪಂಕ್ತಿ ಕೂರುವ ಹಾಗೆ, ಉದ್ಯಮ ನಷ್ಟವಾಗಿ ಆಸ್ತಿ ಮಾರಿದಾಗ ಬ್ಯಾಂಕಿನ ಬಾಕಿ ಪೂರ್ತಿ ಚುಕ್ತಾ ಆದ ಮೇಲೆ ಉಳಿದದ್ದು ಇವನಿಗೆ. ಉಳಿಯದಿದ್ದರೆ ಇಲ್ಲ. ಬಂಡವಾಳ ಹೂಡಿದ ಮಾಲೀಕನಿಗಿಂತ ಒಂದು ಹೆಜ್ಜೆ ಮುಂದೆ, ಅಷ್ಟೆ. ದೊಡ್ಡ ಕಂಪನಿಗಳ ಲೋಕದಲ್ಲಿ ಇದು ದೊಡ್ಡ ವ್ಯಾಪಾರ. ಅಲ್ಲಿ ಇಂಥ ಹಣ ಕೊಡುವವನು ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೇಳುತ್ತಾನೆ, ಅಸಲನ್ನು ಐದಾರು ವರ್ಷ ಬಿಟ್ಟು ಪಡೆಯುತ್ತಾನೆ, ಅಡಮಾನ ಕೇಳುವುದಿಲ್ಲ ಅಥವಾ ಎರಡನೆಯ ಅಡಮಾನಕ್ಕೆ ಒಪ್ಪುತ್ತಾನೆ. ಮಾಲೀಕನಿಗೆ ಬಡ್ಡಿ ದುಬಾರಿ, ಆದರೆ ಪಾಲು ಬಿಟ್ಟುಕೊಡಬೇಕಾಗಿಲ್ಲ. ಬ್ಯಾಂಕುಗಳೂ ತಮ್ಮ ಬಂಡವಾಳ ತುಂಬಿಸಿಕೊಳ್ಳಲು ಇಂಥದೇ ಬಾಂಡುಗಳನ್ನು ಮಾರುತ್ತವೆ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನ 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಒಂದೇ ಏಟಿಗೆ ಸೊನ್ನೆಗೆ ಇಳಿಸಿದಾಗ, ಅದನ್ನು ಠೇವಣಿಯಂತೆ ಭದ್ರ ಎಂದು ನಂಬಿ ಕೊಂಡಿದ್ದ ಎಷ್ಟೋ ನಿವೃತ್ತರಿಗೆ ತಾವು ಕೂತದ್ದು ಯಾವ ಪಂಕ್ತಿಯಲ್ಲಿ ಎಂಬುದು ಅವತ್ತೇ ತಿಳಿದದ್ದು.

ಸಣ್ಣ ಉದ್ಯಮಕ್ಕೆ ಬನ್ನಿ. 2015–16ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 73ನೆಯ ಸುತ್ತಿನ ಪ್ರಕಾರ ದೇಶದಲ್ಲಿ ಸುಮಾರು 6.34 ಕೋಟಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿದ್ದವು. ಅವುಗಳಲ್ಲಿ ಸುಮಾರು ಶೇ. 96 ಒಬ್ಬನೇ ಮಾಲೀಕನವು. ಇದರ ಅರ್ಥ ಏನು? ಅವನಿಗೆ ಮಾರಲು ಷೇರೇ ಇಲ್ಲ. ‘ಈಕ್ವಿಟಿ ತನ್ನಿ’ ಎಂದು ಸೆಮಿನಾರುಗಳಲ್ಲಿ ಹೇಳುವವರು ಇದನ್ನು ಮರೆಯುತ್ತಾರೆ. ಅವನು ಬಂಡವಾಳ ಹೆಚ್ಚಿಸಿಕೊಳ್ಳಲು ಇರುವ ದಾರಿ ಎರಡು: ಲಾಭವನ್ನು ಉಳಿಸುವುದು, ಇಲ್ಲವೆ ಹಿಂದೆ ನಿಲ್ಲಲು ಒಪ್ಪುವ ಸಾಲ ತರುವುದು. ಮೊದಲನೆಯದು ನಿಧಾನ. ಎರಡನೆಯದನ್ನು ಕೊಡುವವರು ಇವತ್ತು ಯಾರು?

ಕಂಪನಿಗಳಲ್ಲ, ಫಂಡುಗಳಲ್ಲ. ಸೋದರಮಾವ. ಅಕ್ಕನ ಗಂಡ. ಹೆಂಡತಿಯ ಬಂಗಾರ. ಊರಿನ ಹೊಲ ಮಾರಿದ ತಂದೆ. ನಮ್ಮ ಸಣ್ಣ ಕೈಗಾರಿಕೆಗೆ ಅಧೀನ ಸಾಲ ಹೊಸದಲ್ಲ. ಎಲ್ಲ ಬ್ಯಾಲೆನ್ಸ್ ಶೀಟಿನಲ್ಲೂ ‘ಸ್ನೇಹಿತರು ಮತ್ತು ಸಂಬಂಧಿಕರಿಂದ ಭದ್ರತೆಯಿಲ್ಲದ ಸಾಲ’ ಎಂಬ ಸಾಲಿನಲ್ಲಿ ಅದು ಕೂತಿದೆ.

ಬೆಳಗಾವಿಯ ಒಂದು ಶಾಖೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಸಾಲದ ಕಾಗದಪತ್ರಕ್ಕೆ ಸಹಿ ಹಾಕುವ ದಿನ. ಕೊನೆಯಲ್ಲಿ ಉಳಿದದ್ದು ಬಾಂಡ್ ಪೇಪರಿನ ಮೇಲೆ ಟೈಪು ಮಾಡಿದ ಮುಚ್ಚಳಿಕೆ. ಹಣ ಕೊಟ್ಟದ್ದು ಸೋದರಮಾವ, ನಿವೃತ್ತ ಶಾಲಾ ಮಾಸ್ತರು. ಗ್ರ್ಯಾಚುಯಿಟಿ ಮತ್ತು ಭವಿಷ್ಯನಿಧಿಯ ದುಡ್ಡು. ಕನ್ನಡಕ ಏರಿಸಿಕೊಂಡು ಇಡೀ ಹಾಳೆಯನ್ನು ಓದಿದರು. ಅಂಥ ಕಾಗದವನ್ನು ಯಾರೂ ಓದುವುದಿಲ್ಲ, ಮಾಸ್ತರಲ್ಲವೆ, ಓದಿದರು. ಆಮೇಲೆ ಕೇಳಿದರು: “ಸಾಹೇಬ್ರ, ನನ್ನ ರೊಕ್ಕ ಯಾವಾಗ ಬರತೈತಿ ಅಂತ ಇದರಾಗ ಎಲ್ಲೂ ಬರದಿಲ್ಲಲ್ಲ?”

“ಬ್ಯಾಂಕಿನ ಸಾಲ ತೀರಿದ ಮ್ಯಾಲೆ, ಮಾಮಾ,” ಎಂದ ಅಳಿಯ.

“ಅದು ಯಾವಾಗ ತೀರತೈತಿ?”

ಯಾರೂ ಉತ್ತರ ಕೊಡಲಿಲ್ಲ, ಯಾಕೆಂದರೆ ಉತ್ತರ ಇರಲಿಲ್ಲ. ಯಂತ್ರದ ಸಾಲಕ್ಕೆ ಕೊನೆಯ ಕಂತಿದೆ. ಸಿ.ಸಿ. ಖಾತೆಗೆ ಕೊನೆಯೇ ಇಲ್ಲ. ಅದು ವರ್ಷ ವರ್ಷ ನವೀಕರಣವಾಗುತ್ತದೆ, ವ್ಯಾಪಾರ ಬೆಳೆದಷ್ಟೂ ಮಿತಿ ಬೆಳೆಯುತ್ತದೆ. ಚೆನ್ನಾಗಿ ನಡೆಯುವ ಉದ್ಯಮ ತನ್ನ ಸಿ.ಸಿ. ಸಾಲವನ್ನು ತೀರಿಸುವುದೇ ಇಲ್ಲ. ಹಾಗಾದರೆ ‘ಬ್ಯಾಂಕಿನ ಸಾಲ ತೀರುವ ತನಕ’ ಎಂದು ಬರೆದುಕೊಟ್ಟ ಮಾವನ ಹಣ, ಅಳಿಯನ ವ್ಯಾಪಾರ ಕೆಟ್ಟರೆ ಮುಳುಗುತ್ತದೆ, ಕುದುರಿದರೆ ಅಲ್ಲೇ ಉಳಿಯುತ್ತದೆ. ಮಾಸ್ತರು ಸಹಿ ಹಾಕಿದರು. ತಂಗಿಯ ಮಗ ಎದುರಿಗೆ ನಿಂತಿರುವಾಗ ಯಾರು ಹಾಕುವುದಿಲ್ಲ?

ಇಲ್ಲಿ ನನ್ನ ತಕರಾರು ಇದೆ. ಬ್ಯಾಂಕಿನ ಬಳಿ ಯಂತ್ರ, ಮಾಲು, ಬರಬೇಕಾದ ಬಾಕಿ, ಮನೆಯ ಅಡಮಾನ, ಮಾಲೀಕನ ಹೆಂಡತಿಯ ಜಾಮೀನು ಎಲ್ಲ ಇದೆ. ಇಷ್ಟಿದ್ದೂ ಅದು ಶೇ. 10–11 ಬಡ್ಡಿ ಪಡೆಯುತ್ತದೆ. ಏನೂ ಇಲ್ಲದ ಮಾವನಿಗೆ ಬಡ್ಡಿ ಸೊನ್ನೆ, ದೀಪಾವಳಿಗೆ ಸಿಹಿ ಡಬ್ಬಿ. ಬಡ್ಡಿ ಕೊಡಬೇಕೆಂದು ಅಳಿಯನಿಗೆ ಮನಸ್ಸಿದ್ದರೂ, ‘ಈ ಸಾಲಕ್ಕೆ ಬಡ್ಡಿ ಕೊಡತಕ್ಕದ್ದಲ್ಲ’ ಎಂಬ ಸಾಲು ಎಷ್ಟೋ ಮಂಜೂರಾತಿ ಪತ್ರಗಳಲ್ಲಿ ಇರುತ್ತದೆ. ಹೆಚ್ಚು ಅಪಾಯಕ್ಕೆ ಹೆಚ್ಚು ಪ್ರತಿಫಲ ಎಂದು ವಾಣಿಜ್ಯ ವಿಭಾಗದ ಮೊದಲ ವರ್ಷದ ತರಗತಿಯಲ್ಲಿ ಪಾಠ ಮಾಡುತ್ತಾರೆ. ಬ್ಯಾಂಕಿನ ಮೇಜಿನ ಮೇಲೆ ಅದು ತಲೆಕೆಳಗಾಗಿದೆ.

ಕಾನೂನಿಗೆ ಇಂಥ ಸಾಲ ಗೊತ್ತಿಲ್ಲವೆಂದಲ್ಲ. 2014ರ ಕಂಪನಿಗಳ ಠೇವಣಿ ಸ್ವೀಕಾರ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ: ಬ್ಯಾಂಕಿನ ಷರತ್ತಿನಂತೆ ಪ್ರವರ್ತಕರಾಗಲಿ ಅವರ ಸಂಬಂಧಿಕರಾಗಲಿ ತಂದ ಭದ್ರತೆಯಿಲ್ಲದ ಸಾಲ ‘ಠೇವಣಿ’ ಅಲ್ಲ, ಬ್ಯಾಂಕಿನ ಸಾಲ ಇರುವವರೆಗೆ ಮಾತ್ರ. ತಮಾಷೆ ಏನೆಂದರೆ, ಕಂಪನಿ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ ಇದ್ದಾರೆ; ಸೋದರಮಾವ ಇಲ್ಲ! ಮದುವೆಯಿಂದ ಹಿಡಿದು ಮನೆ ಕಟ್ಟುವ ತನಕ ಸೋದರಮಾವನಿಲ್ಲದೆ ಏನೂ ನಡೆಯದ ನಾಡಿನಲ್ಲಿ, ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡ ಅಳಿಯನಿಗೆ ಅವರು ನೇರವಾಗಿ ಸಾಲ ಕೊಟ್ಟರೆ ಠೇವಣಿ ನಿಯಮದ ತೊಡಕು ಎದುರಾಗುತ್ತದೆ. ಲೆಕ್ಕಪರಿಶೋಧಕರು ತಲೆ ಕೆರೆದುಕೊಳ್ಳುವುದು ಇಲ್ಲೇ.

ಕಂಪನಿ ಮುಳುಗಿದರೆ? 2016ರ ದಿವಾಳಿ ಸಂಹಿತೆಯ 53ನೆಯ ಸೆಕ್ಷನ್ನು ಹಂಚಿಕೆಯ ಕ್ರಮವನ್ನು ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನವಿರುವ ಸಾಲ, ಎರಡೂ ಸಮಾನವಾಗಿ. ನಂತರ ಉಳಿದ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಭದ್ರತೆಯಿಲ್ಲದ ಸಾಲ. ಮಾವನ ಜಾಗ ಆ ನಾಲ್ಕನೆಯ ಮೆಟ್ಟಿಲು. ಕೊಟ್ಟವರು ತಂದೆಯೋ ಅಣ್ಣನೋ ಆಗಿದ್ದರೆ, ಕಾನೂನು ಅವರನ್ನು ಸಂಬಂಧಿತ ವ್ಯಕ್ತಿ ಎಂದು ಗುರುತಿಸುವುದರಿಂದ ಸಾಲಗಾರರ ಸಮಿತಿಯಲ್ಲಿ ಕೂರುವ ಹಕ್ಕೂ ಇಲ್ಲ, ಮತವೂ ಇಲ್ಲ. ಇಷ್ಟೂ ಕಂಪನಿಯಾಗಿದ್ದರೆ. ಒಬ್ಬನೇ ಮಾಲೀಕನ ಶೆಡ್ಡಿಗೆ, ಪಾಲುದಾರಿಕೆಗೆ ಈ ಸಂಹಿತೆಯ ಸಂಬಂಧಪಟ್ಟ ಭಾಗ ಕಾಗದದಲ್ಲಿದೆ, ಜಾರಿಯಲ್ಲಿಲ್ಲ. ಅಲ್ಲಿ ಮಾವ ಮತ್ತು ಅಳಿಯನ ನಡುವೆ ಇರುವುದು ಆ ಒಂದು ಹಾಳೆ ಮತ್ತು ಸಿವಿಲ್ ಕೋರ್ಟು.

ಸರ್ಕಾರಕ್ಕೆ ಈ ಜಾಗದಲ್ಲಿ ತಾನು ಕೂರಬೇಕು ಅನ್ನಿಸಿದ್ದು ಎರಡು ಮೂರು ಬಾರಿ. 1987ರಲ್ಲಿ ಐಡಿಬಿಐ ಮೂಲಕ ಬಂದ ರಾಷ್ಟ್ರೀಯ ಈಕ್ವಿಟಿ ನಿಧಿ ಸಣ್ಣ ಘಟಕದ ಮಾರ್ಜಿನ್ ತುಂಬಲು ಬಡ್ಡಿಯ ಬದಲು ಸೇವಾಶುಲ್ಕ ಪಡೆದು ಮೃದು ಸಾಲ ಕೊಡುತ್ತಿತ್ತು. 2015ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಸಿಡ್ಬಿ ತಂದ ‘ಸ್ಮೈಲ್’ ಯೋಜನೆಯಲ್ಲೂ ಬಂಡವಾಳದ ಕೊರತೆ ತುಂಬುವ ಸಾಲಕ್ಕೆ ಜಾಗವಿತ್ತು. ಆದರೆ ‘ಅಧೀನ ಸಾಲ’ ಎಂಬ ಹೆಸರನ್ನೇ ಹಣೆಗೆ ಹಚ್ಚಿಕೊಂಡು ಬಂದದ್ದು 2020ರ ಯೋಜನೆ. ಕೋವಿಡ್ ಪ್ಯಾಕೇಜಿನ ಭಾಗವಾಗಿ ಮೇ 13ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಜೂನ್ 24ರಂದು ನಾಗ್ಪುರದಿಂದ ಆಗ ಸಣ್ಣ ಉದ್ಯಮಗಳ ಸಚಿವರಾಗಿದ್ದ ನಿತಿನ್ ಗಡ್ಕರಿ ಚಾಲನೆ ಕೊಟ್ಟರು. ಒಟ್ಟು 20,000 ಕೋಟಿ, ಎರಡು ಲಕ್ಷ ಉದ್ಯಮಗಳಿಗೆ. ಮಾಲೀಕನ ಪಾಲಿನ ಶೇ. 15 ಅಥವಾ 75 ಲಕ್ಷ, ಯಾವುದು ಕಡಿಮೆಯೋ ಅಷ್ಟನ್ನು ಬ್ಯಾಂಕು ಪ್ರವರ್ತಕನಿಗೆ ಸಾಲ ಕೊಡುವುದು, ಅವನು ಅದನ್ನು ಉದ್ಯಮಕ್ಕೆ ಬಂಡವಾಳವಾಗಿ ಹಾಕುವುದು. ಹತ್ತು ವರ್ಷದ ಅವಧಿ, ಅಸಲಿಗೆ ಏಳು ವರ್ಷ ಬಿಡುವು, ಶೇ. 90ಕ್ಕೆ ಸರ್ಕಾರದ ಖಾತರಿ.

ಕಾಗದದಲ್ಲಿ ಇದಕ್ಕಿಂತ ಒಳ್ಳೆಯದು ಬೇಕೆ? ಆದರೂ ನಡೆಯಲಿಲ್ಲ. ಗಡುವನ್ನು 2021ರ ಮಾರ್ಚಿನಿಂದ ಸೆಪ್ಟೆಂಬರಿಗೆ, ಅಲ್ಲಿಂದ 2022ರ ಮಾರ್ಚಿಗೆ, ಮತ್ತೆ 2023ರ ಮಾರ್ಚಿಗೆ ತಳ್ಳುತ್ತ ಹೋದರೂ ಕೊಟ್ಟ ಸಾಲ ಗುರಿಯ ಹತ್ತಿರಕ್ಕೂ ಬರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಅರ್ಹತೆಯ ಷರತ್ತನ್ನು ಓದಿದರೆ ಸಾಕು. 2018ರ ಮಾರ್ಚಿನಲ್ಲಿ ಚೆನ್ನಾಗಿದ್ದು, 2020ರ ಏಪ್ರಿಲ್ ಹೊತ್ತಿಗೆ ಎಸ್ಎಂಎ-2 ಅಥವಾ ಎನ್‌ಪಿಎ ಆದ ಖಾತೆಗಳಿಗೆ ಮಾತ್ರ. ಅಂದರೆ ಎರಡು ತಿಂಗಳು ದಾಟಿಯೂ ಬಾಕಿ ಕಟ್ಟದವರಿಗೆ. ಈಗಾಗಲೇ ಕೆಟ್ಟ ಖಾತೆಯ ಮಾಲೀಕನಿಗೆ ಮತ್ತೆ 75 ಲಕ್ಷ ಕೊಟ್ಟು, ಅದರ ಮೇಲೆ ತಿಂಗಳು ತಿಂಗಳು ಬಡ್ಡಿ, ವರ್ಷಕ್ಕೆ ಶೇ. 1.5 ಖಾತರಿ ಶುಲ್ಕ ಕಟ್ಟಿಸಿಕೊಳ್ಳುವ ಧೈರ್ಯ ಯಾವ ಮ್ಯಾನೇಜರಿಗೆ ಇದೆ? ಉಳಿದ ಶೇ. 10ಕ್ಕೆ ಪ್ರವರ್ತಕನೇ ಭದ್ರತೆ ಕೊಡಬೇಕು. ಅವನ ಮನೆ ಮೊದಲೇ ಅಡವಿದೆ. ಇದೆಲ್ಲಕ್ಕಿಂತ ವಿಚಿತ್ರವೆಂದರೆ, ಮುಂದೆ ನಿಲ್ಲುವ ಸಾಲ ಕೊಟ್ಟವನೂ ಹಿಂದೆ ನಿಲ್ಲುವ ಸಾಲ ಕೊಡಬೇಕಾದವನೂ ಒಂದೇ ಬ್ಯಾಂಕು. ತನಗೆ ತಾನೇ ಅಧೀನನಾಗು ಎಂದರೆ ಆ ಬ್ಯಾಂಕು ಏನು ಮಾಡೀತು?

ಅಧೀನ ಸಾಲ ಸಾಯುತ್ತಿರುವ ಉದ್ಯಮಕ್ಕಲ್ಲ. ಅಸಲಿಗೆ ಬಿಡುವಿದ್ದರೂ ಬಡ್ಡಿ ಕಟ್ಟಲು ಪ್ರತಿ ತಿಂಗಳು ನಗದು ಹುಟ್ಟಬೇಕು. ನಗದು ಹುಟ್ಟುವುದು ನಾನು ಮೊದಲು ಹೇಳಿದ, ಆರ್ಡರ್ ಬಂದ ಶೆಡ್ಡಿನಲ್ಲಿ. 2020ರ ಯೋಜನೆ ಆ ಬಾಗಿಲನ್ನು ದಾಟಿಕೊಂಡು ಆಸ್ಪತ್ರೆಗೆ ಹೋಯಿತು.

ಇದರ ಪಕ್ಕದಲ್ಲೇ, ಅದೇ ಮೇ 13ರಂದು ಪ್ರಕಟವಾದ ಇನ್ನೊಂದು ಯೋಜನೆ ನೋಡಿ: ತುರ್ತು ಸಾಲ ಖಾತರಿ ಯೋಜನೆ, ಇಸಿಎಲ್‌ಜಿಎಸ್. ಫೆಬ್ರವರಿ 29ರಂದು ಇದ್ದ ಬಾಕಿಯ ಶೇ. 20ರಷ್ಟು ಹೆಚ್ಚುವರಿ ಸಾಲ, ಶೇ. 100 ಖಾತರಿ, ಖಾತರಿ ಶುಲ್ಕವಿಲ್ಲ, ಬ್ಯಾಂಕುಗಳ ಬಡ್ಡಿಗೆ ಶೇ. 9.25ರ ಮಿತಿ. ಇದು 3 ಲಕ್ಷ ಕೋಟಿಯಿಂದ ಶುರುವಾಗಿ ನಾಲ್ಕೂವರೆಗೆ, ಐದಕ್ಕೆ ಏರಿತು. ಅದರ ಮಾರ್ಗಸೂಚಿಯಲ್ಲಿ ಯಾರೂ ಗಮನಿಸದ ಒಂದು ವಾಕ್ಯವಿದೆ: ಈ ಸಾಲ ನಗದಿನ ಹರಿವಿನಲ್ಲೂ ಭದ್ರತೆಯಲ್ಲೂ ಹಳೆಯ ಸಾಲಕ್ಕೆ ಎರಡನೆಯದಾಗಿ ನಿಲ್ಲುತ್ತದೆ. ಅಂದರೆ, ಸ್ಥಾನದಿಂದ ನೋಡಿದರೆ ಅದೇ ಅಧೀನ ಸಾಲ! ಹೆಸರಿದ್ದದ್ದು ನಡೆಯಲಿಲ್ಲ, ಹೆಸರಿಲ್ಲದ್ದು ಮನೆಮನೆಗೆ ಹೋಯಿತು. ಪೂರ್ತಿ ಖಾತರಿ ಇದ್ದಾಗ ಯಾವ ಸಾಲವೂ ನಡೆಯುತ್ತದೆ ಎನ್ನಬಹುದು, ಸರಿ. ಆದರೂ ಮುಖ್ಯ ವ್ಯತ್ಯಾಸ ನನ್ನ ದೃಷ್ಟಿಯಲ್ಲಿ ಫಲಾನುಭವಿಯದು. ಇಸಿಎಲ್‌ಜಿಎಸ್ ಹೋದದ್ದು ಬಾಕಿ ಎರಡು ತಿಂಗಳು ದಾಟದ ಖಾತೆಗಳಿಗೆ. ನಾಲ್ಕು ವರ್ಷದ ಅವಧಿ, ಅದರಲ್ಲಿ ಒಂದೇ ವರ್ಷ ಬಿಡುವು ಎಂಬುದು ಅದರ ದೋಷ. ಬಂಡವಾಳದ ಕೆಲಸ ಮಾಡುವ ಹಣಕ್ಕೆ ಅಷ್ಟು ಬೇಗ ಎದ್ದು ಹೋಗು ಎನ್ನಬಾರದು.

ಅಮೆರಿಕದವರು ಇದನ್ನು ಬಹಳ ಹಿಂದೆಯೇ ಒಂದು ಸರಳ ಲೆಕ್ಕಕ್ಕೆ ಇಳಿಸಿದ್ದಾರೆ. ಅಲ್ಲಿನ ಸಣ್ಣ ಉದ್ಯಮ ಆಡಳಿತದ 504 ಸಾಲದಲ್ಲಿ ಕಟ್ಟಡಕ್ಕೋ ಯಂತ್ರಕ್ಕೋ ಬೇಕಾದ ಹಣದ ಅರ್ಧ ಬ್ಯಾಂಕಿನದು, ಮೊದಲ ಅಡಮಾನ ಅದಕ್ಕೆ. ಶೇ. 40 ಸರ್ಕಾರದ ಖಾತರಿಯ ಬಾಂಡಿನಿಂದ, ಸ್ಥಳೀಯ ಅಭಿವೃದ್ಧಿ ಸಂಸ್ಥೆಯ ಮೂಲಕ, ಎರಡನೆಯ ಅಡಮಾನದ ಮೇಲೆ, ನಿಗದಿತ ಬಡ್ಡಿಗೆ. ಮಾಲೀಕ ಹಾಕಬೇಕಾದದ್ದು ಶೇ. 10, ಉದ್ಯಮ ಹೊಸದಾಗಿದ್ದರೆ ಶೇ. 15. ಹಳೆಯ ಉದ್ಯಮಕ್ಕೆ ಹೊಸದಕ್ಕಿಂತ ಸಲೀಸು, ಗಮನಿಸಿ. ಅಲ್ಲಿ ಮೊದಲ ಪಂಕ್ತಿಯವನು ಬೇರೆ, ಎರಡನೆಯವನು ಬೇರೆ. ಹಾಗಾಗಿ ಇಬ್ಬರೂ ಕಣ್ಣಿಟ್ಟಿರುತ್ತಾರೆ. ಇದನ್ನು ಹಾಗೆಯೇ ಎತ್ತಿ ತರಲು ಬರುವುದಿಲ್ಲ. ಆದರೆ ನಮ್ಮಲ್ಲಿ 1959ರಿಂದ ರಾಜ್ಯ ಹಣಕಾಸು ಸಂಸ್ಥೆಯಾದ ಕೆಎಸ್ಎಫ್‌ಸಿ ಇದೆ, 1990ರಿಂದ ಸಿಡ್ಬಿ ಇದೆ, 2000ದಲ್ಲಿ ಶುರುವಾದ ಸಾಲ ಖಾತರಿ ಟ್ರಸ್ಟ್ ಇದೆ. ಬ್ಯಾಂಕು ಮೊದಲ ಸಾಲ ಕೊಡಲಿ, ಕೆಎಸ್ಎಫ್‌ಸಿಯಂಥದ್ದು ಅದರ ಹಿಂದೆ ನಿಲ್ಲಲಿ, ಟ್ರಸ್ಟಿನ ಖಾತರಿ ಆ ಎರಡನೆಯ ಸಾಲಕ್ಕೆ ಮಾತ್ರ ಇರಲಿ. ಮೂರು ವರ್ಷ ಕಂತು ತಪ್ಪದ ಖಾತೆ ಎಂಬುದೊಂದೇ ಪ್ರವೇಶದ ಷರತ್ತು. ಇದಕ್ಕೆ ಹೊಸ ಸಂಸ್ಥೆ ಬೇಡ, ಹೊಸ ಲಾಂಛನವೂ ಬೇಡ.

ಅಲ್ಲಿಯ ತನಕ ಮಾವಂದಿರೇ ಗತಿ. ಹಾಗಿದ್ದರೆ ಅವರ ಹಾಳೆಯನ್ನಾದರೂ ಸರಿಯಾಗಿ ಬರೆಯೋಣ. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ಮುಂದೆ ಲೆಕ್ಕಪರಿಶೋಧಕರಾಗುವವರು, ಬ್ಯಾಂಕು ಸೇರುವವರು ಇದ್ದೀರಿ. ಆ ಹಾಳೆ ಟೈಪಾಗುವುದು ನಿಮ್ಮ ಮೇಜಿನಲ್ಲೇ. ‘ಬ್ಯಾಂಕಿನ ಸಾಲ ತೀರುವ ತನಕ’ ಎಂದು ಬರೆಯಬೇಡಿ. ಯಂತ್ರದ ಸಾಲದ ಕೊನೆಯ ಕಂತಿನ ದಿನಾಂಕ ಬರೆಯಿರಿ, ಅದಾದ ಮೇಲೆ ಅನುಪಾತ ಮೂರರೊಳಗೆ ಇದ್ದರೆ ವರ್ಷಕ್ಕೆ ಇಷ್ಟು ಹಿಂತಿರುಗಿಸಬಹುದು ಎಂದು ಸೇರಿಸಿ. ಬಡ್ಡಿಯನ್ನು ಪೂರ್ತಿ ನಿಷೇಧಿಸುವ ಬದಲು, ಬ್ಯಾಂಕಿನ ಕಂತು ಆ ತಿಂಗಳವರೆಗೆ ಚುಕ್ತಾ ಇದ್ದರೆ ಕೊಡಬಹುದು ಎನ್ನಿ. ಪಾಲುದಾರನ ಬಂಡವಾಳಕ್ಕೆ ಶೇ. 12ರವರೆಗಿನ ಬಡ್ಡಿಯನ್ನು ಆದಾಯ ತೆರಿಗೆ ಕಾನೂನೇ ಖರ್ಚೆಂದು ಒಪ್ಪುತ್ತದೆ. ಅದಕ್ಕಿಂತ ಹಿಂದೆ ಬಿದ್ದ ಮಾವನಿಗೆ ಅಷ್ಟಾದರೂ ಸಿಗಲಿ. ಹಣ ಬ್ಯಾಂಕ್ ಖಾತೆಯಿಂದ ಖಾತೆಗೆ ಹೋಗಲಿ. 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೆ ಕಾನೂನಿನ ತಡೆಯಿದೆ. ವರ್ಷಕ್ಕೊಮ್ಮೆ ಬ್ಯಾಂಕಿಗೆ ಕೊಡುವ ಬ್ಯಾಲೆನ್ಸ್ ಶೀಟಿನ ಒಂದು ಪ್ರತಿ ಮಾವನಿಗೂ ಹೋಗಲಿ.

ಇನ್ನೊಂದು ವಿಷಯ, ಸಾಮಾನ್ಯವಾಗಿ ಯಾರ ತಲೆಗೂ ಹೊಳೆಯದ್ದು. ಮಾಲೀಕ ಅಕಾಲದಲ್ಲಿ ತೀರಿಕೊಂಡರೆ ಬ್ಯಾಂಕಿನ ಬಳಿ ಅಡಮಾನವಿದೆ, ಜಾಮೀನಿದೆ, ಹಲವು ಸಲ ಅವನ ಜೀವವಿಮೆಯ ಪಾಲಿಸಿಯೂ ಇದೆ. ಮಾವನ ಬಳಿ ಏನೂ ಇಲ್ಲ. ವಿಧವೆಯಾದ ಸೊಸೆಯ ಮುಂದೆ ನಿಂತು ಹಣ ಕೇಳುವ ಬಾಯಿಯೂ ಇಲ್ಲ. ಅವರ ಸಾಲದ ಮೊತ್ತಕ್ಕೆ ಒಂದು ಟರ್ಮ್ ಪಾಲಿಸಿ ಮಾಡಿಸಿ, ಅದನ್ನು ಅವರ ಹೆಸರಿಗೆ ಅಸೈನ್ ಮಾಡಿಸಲು ಅಳಿಯನಿಗೆ ಹೇಳಿ. ಪ್ರೀಮಿಯಂ ಬಹುಶಃ ಆ ಶೆಡ್ಡಿನ ಒಂದು ತಿಂಗಳ ಕರೆಂಟ್ ಬಿಲ್ಲಿಗಿಂತ ಕಡಿಮೆ ಬಂದೀತು. ಸಾಲ ತೀರಿದ ದಿನ ಪಾಲಿಸಿಯನ್ನು ಮತ್ತೆ ತನ್ನ ಹೆಸರಿಗೆ ಬರೆಸಿಕೊಂಡರಾಯಿತು.